ನಮ್ಮ ಬೆನ್ನು, ನಮ್ಮ ಹೊಟ್ಟೆ

ಕಳೆದ ಸಂಚಿಕೆಯಲ್ಲಿ ಈ ಅಂಕಣ ಕಾಣಲಿಲ್ಲವೆಂದು ಇಬ್ಬರು ವಾಚಕರು ಸಂಪಾದಕರನ್ನು ವಿಚಾರಿಸಿದರಂತೆ. ಇಬ್ಬರಾದರೂ ವಿಚಾರಿಸಿದರಲ್ಲ ಎಂದು ನಮಗೆ ಸಂತೋಷವಾಯಿತು. ಅವರಲ್ಲಿ ಒಬ್ಬರು ನಮ್ಮ ಭಾವಮೈದುನರೆಂಬುದು ಆಮೇಲೆ ತಿಳಿಯಿತು. ಕಾರಣವನ್ನು ಹೇಳಿಬಿಡುತ್ತೇವೆ. ಬರೆಯುವುದಕ್ಕೆ ವಿಷಯವಿರಲಿಲ್ಲವೆಂದಲ್ಲ, ಕೂರುವುದಕ್ಕೆ ಬೆನ್ನಿರಲಿಲ್ಲ.

ಗುಮಾಸ್ತೆಯ ಉದ್ಯೋಗವನ್ನು ಲೇಖನಿಯ ಉದ್ಯೋಗವೆಂದು ಜನ ತಿಳಿದಿದ್ದಾರೆ. ನಿಜವಾಗಿ ಅದು ಬೆನ್ನಿನ ಉದ್ಯೋಗ. ಕಡತಗಳೆಲ್ಲ ಈಗ ಕಂಪ್ಯೂಟರಿನ ಒಳಕ್ಕೆ ಹೋಗಿ ಸೇರಿವೆ, ಅವುಗಳ ಮುಂದೆ ಬಗ್ಗುವ ಬೆನ್ನು ಮಾತ್ರ ಹೊರಗೇ ಉಳಿದಿದೆ. ಕಛೇರಿಯ ಕುರ್ಚಿ ಎಂಟು ಗಂಟೆ, ಬಸ್ಸಿನ ಸೀಟು ಎರಡು ಗಂಟೆ, ಮನೆಯಲ್ಲಿ ಮಕ್ಕಳ ಪಾಠಕ್ಕೆಂದು ಮತ್ತೊಂದು ಗಂಟೆ. ಹೀಗೆ ಹನ್ನೆರಡು ವರ್ಷ ದುಡಿದ ಮೇಲೆ ನಮ್ಮ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕು ತನ್ನ ಜಾಗ ಬಿಟ್ಟು ಹೊರಬಂದಿತು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕಾದ ಸರಳನ್ನು ಎಳೆದಂತಾಗುತ್ತಿತ್ತು. ಮಾತ್ರೆ, ವಿಶ್ರಾಂತಿ, ವ್ಯಾಯಾಮ ಎಲ್ಲ ಆದವು. ಕಾಲು ಬಲಗುಂದಿದಾಗ 2024ರ ಆಗಸ್ಟ್ ತಿಂಗಳಿನಲ್ಲಿ ದಿಲ್ಲಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

ಎಚ್ಚರವಾದಾಗ ಕಾಲಿನ ನೋವು ಇರಲಿಲ್ಲ. ನಾವು ಮನಸ್ಸಿನಲ್ಲೇ ಆ ಡಾಕ್ಟರರಿಗೆ ಕೈಮುಗಿದೆವು, ಇಂದಿಗೂ ಮುಗಿಯುತ್ತೇವೆ. ಆದರೆ ಮೂರು ತಿಂಗಳಾಯಿತು, ಆರು ತಿಂಗಳಾಯಿತು, ಬೆನ್ನಿನ ನೋವು ಮಾತ್ರ ಬಾಡಿಗೆ ಕೊಡದ ಬಿಡಾರದವನಂತೆ ಅಲ್ಲೇ ಕುಳಿತಿತ್ತು. ಮತ್ತೆ ಎಂ.ಆರ್.ಐ. ಚಿತ್ರ ತೆಗೆಸಿದೆವು. ಚಿತ್ರ ಶುದ್ಧವಾಗಿತ್ತು. "ಎಲ್ಲ ಸರಿಯಾಗಿದೆ," ಎಂದರು. ಎಲ್ಲವೂ ಸರಿಯಾಗಿದ್ದರೆ ನಾವೇಕೆ ಗೋಡೆ ಹಿಡಿದು ಏಳುತ್ತೇವೆ? ಕಛೇರಿಯಲ್ಲಿ ಮೇಲಧಿಕಾರಿಗಳು ನಗುತ್ತಲೇ, "ಫೋಟೋದಲ್ಲಿ ಕಾಣದ ನೋವಿಗೆ ಯಾವ ನಿಯಮದ ಕೆಳಗೆ ರಜೆ ಕೊಡಲಿ?" ಎಂದು ಕೇಳಿದರು. ಅವರು ನಕ್ಕರು, ನಾವೂ ನಕ್ಕೆವು. ಮನೆಗೆ ಬಂದು ಮಲಗಿದ ಮೇಲೆ ಆ ಮಾತು ಬೆನ್ನಿಗಿಂತ ಹೆಚ್ಚಾಗಿ ನೋಯಿಸಿತು. ನೋವು ಒಂದು ಕಷ್ಟ. ನೋವಿದೆಯೆಂದು ಇನ್ನೊಬ್ಬರನ್ನು ನಂಬಿಸಬೇಕಾಗಿ ಬರುವುದು ಎರಡನೆಯ ಕಷ್ಟ.

ಇಷ್ಟರಲ್ಲಿ ಇನ್ನೊಂದು ಕಡೆ ತೋರಿಸಿದೆವು. ಅಲ್ಲಿ, "ಎರಡನೆಯ ಆಪರೇಷನ್ ಮಾಡಿ ಸ್ಕ್ರೂ ಹಾಕಿ ಮಣಿಗಳನ್ನು ಬಿಗಿ ಮಾಡಬಹುದು, ಯೋಚಿಸಿ," ಎಂದರು. ಮನೆಯಲ್ಲಿ ಎರಡು ಪಕ್ಷಗಳಾದುವು. ನಮ್ಮ ಮನೆಯಾಕೆ, "ರೀ, ಮಾಡಿಸಿಕೊಂಡುಬಿಡಿ, ನೀವು ರಾತ್ರಿಯೆಲ್ಲ ಹೊರಳಾಡೋದನ್ನ ನನಗೆ ನೋಡಕ್ಕಾಗೊಲ್ಲ," ಎಂದಳು. ಊರಿನಿಂದ ಫೋನಿನಲ್ಲಿ ಅವ್ವ, "ಒಂದ್ಸಲ ಕುಯ್ದಿದ್ದು ಸಾಲದಾ? ನಾನು ಬರೋವರೆಗೂ ಯಾರೂ ಕತ್ತಿ ಹಿಡೀಬೇಡಿ," ಎಂದಳು. ಸಂಪರ್ಕಕ್ರಾಂತಿ ರೈಲಿನಲ್ಲಿ ಎರಡು ರಾತ್ರಿ ಕಳೆದು, ಡಿಸೆಂಬರಿನ ಮಂಜಿನಲ್ಲಿ, ಒಂದು ಚೀಲ ರಾಗಿಹಿಟ್ಟು, ಒಂದು ಚೀಲ ಹುರುಳಿಕಾಳಿನ ಸಮೇತ ನಿಜಾಮುದ್ದೀನಿನಲ್ಲಿ ಬಂದಿಳಿದಳು.

ಬಂದ ಮೊದಲ ದಿನವೇ ಅವ್ವನಿಗೂ ದಿಲ್ಲಿಗೂ ಜಗಳವಾಯಿತು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಲಾಗಿಯೇ ಇತ್ತು. ದೋಸೆಹಿಟ್ಟು ಸಂಜೆ ರುಬ್ಬಿದ್ದು ಬೆಳಿಗ್ಗೆ ಪಾತ್ರೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ದಿಲ್ಲಿಯ ಚಳಿಗಾಲದಲ್ಲಿ ಇದು ಕನ್ನಡಿಗರ ಮನೆಮನೆಯ ಕಥೆ, ವಾಚಕರಿಗೆ ಹೇಳಬೇಕಾದುದಿಲ್ಲ. ಅವ್ವ ಮರುದಿನ ಹಾಲನ್ನು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಪಾತ್ರೆಗೆ ನಮ್ಮ ಉಣ್ಣೆಯ ಶಾಲನ್ನು ಸುತ್ತಿ, ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟಳು. ಶಾಲಿಲ್ಲದೆ ನಾವು ನಡುಗಿದೆವು; ಮೊಸರು ಗಟ್ಟಿಯಾಯಿತು. ಒಂದು ಬಟ್ಟಲು ನಮ್ಮ ಮುಂದಿಟ್ಟು ಅವಳು ಕೇಳಿದ ಪ್ರಶ್ನೆ ಇದು: "ಹೊಟ್ಟೆ ನೆಟ್ಟಗಿದೆಯೇನೋ ಮಗ?"

ನಾವು ಸುಳ್ಳು ಹೇಳಲಿಲ್ಲ. ಆಪರೇಷನ್ನಿನ ದಿನದಿಂದ ಹೊಟ್ಟೆ ನೆಟ್ಟಗಿರಲಿಲ್ಲ. ಒಂದು ವಾರ ಕಟ್ಟುವುದು, ಒಂದು ದಿನ ಕೆಡುವುದು, ಸದಾ ಉಬ್ಬರ. ಯಾವ ಡಾಕ್ಟರರ ಬಳಿಯೂ ನಾವು ಅದನ್ನು ಹೇಳಿರಲಿಲ್ಲ. ಬೆನ್ನು ತೋರಿಸಲು ಹೋದವರು ಹೊಟ್ಟೆಯ ಸುದ್ದಿಯೆತ್ತುವುದು ಹೇಗೆ? ಒಂದು ಇಲಾಖೆಯ ಅರ್ಜಿಯನ್ನು ಇನ್ನೊಂದು ಇಲಾಖೆಗೆ ಕೊಟ್ಟಂತಲ್ಲವೆ? ಅವ್ವನಿಗೆ ಇಲಾಖೆಗಳ ಹಂಗಿಲ್ಲ. "ಹೊಟ್ಟೆ ನೆಟ್ಟಗಿಲ್ದೋನಿಗೆ ಬೆನ್ನು ನೆಟ್ಟಗೆ ನಿಂತದಾ?" ಎಂದು ಒಳಗೆ ಹೋದಳು.

ಈ ಮಾತನ್ನು ಹಳ್ಳಿಯ ಮಾತೆಂದು ನಾವು ನಕ್ಕು ಬಿಟ್ಟಿದ್ದೆವು. ಆದರೆ ಅದೇ ತಿಂಗಳು ಆರ್.ಕೆ. ಪುರಂನಲ್ಲಿ ಕನ್ನಡಿಗರು ಸೇರಿದ್ದ ಒಂದು ಕಾರ್ಯಕ್ರಮದಲ್ಲಿ, ನಾವು ಕೂರಲಾರದೆ ಹಿಂದೆ ಗೋಡೆಗೆ ಒರಗಿ ನಿಂತಿದ್ದಾಗ, ನಮ್ಮವರೇ ಆದ ಒಬ್ಬ ಡಾಕ್ಟರರು ಪಕ್ಕಕ್ಕೆ ಬಂದು ವಿಚಾರಿಸಿದರು. ಎಲ್ಲವನ್ನೂ ಹೇಳಿದೆವು, ಅವ್ವನ ಮಾತನ್ನೂ ನಗುತ್ತಲೇ ಹೇಳಿದೆವು. ಅವರು ನಗಲಿಲ್ಲ. "ನೋಡಿ ಸ್ವಾಮಿ, ನಿಮ್ಮ ತಾಯಿಯವರ ಮಾತು ಪೂರ್ತಿ ನಿಜವೆಂದು ನಾನು ಹೇಳಲಾರೆ. ಆದರೆ ಹದಿನೈದು ಇಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಅದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ," ಎಂದರು. ಅಂದಿನಿಂದ ನಾವು ಮಲಗಿಕೊಂಡೇ ಓದಿದೆವು, ಸಂದೇಹ ಬಂದಾಗ ಅವರನ್ನೇ ಕಾಡಿದೆವು. ತಿಳಿದುದನ್ನು ವಾಚಕರ ಮುಂದಿಡುತ್ತೇವೆ. ನಾವು ಬಿ.ಎ. ಓದಿದವರೇ ಹೊರತು ವೈದ್ಯರಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು.

ಮೊದಲು ಬೆನ್ನಿನ ಸಂಗತಿ. 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಡಿಸ್ಕು ಹೊರಬಂದು ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ಈ ನೋವು ಬರುತ್ತದೆ, ಒತ್ತುವ ಭಾಗವನ್ನು ತೆಗೆದರೆ ನೋವು ಹೋಗುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಲಕ್ಷಾಂತರ ಜನ ಈ ಶಸ್ತ್ರಚಿಕಿತ್ಸೆಯಿಂದ ಎದ್ದು ನಡೆದಿದ್ದಾರೆ. ಆದರೆ ಅದು ಕಾಲುನೋವನ್ನು ಕಳೆಯುವಷ್ಟು ಚೆನ್ನಾಗಿ ಬೆನ್ನುನೋವನ್ನು ಕಳೆಯದು. ಆಪರೇಷನ್ ಆದ ಮೇಲೂ ನೋವು ಉಳಿಯುವವರು ನೂರಕ್ಕೆ ಹತ್ತರಿಂದ ನಲವತ್ತು ಮಂದಿ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಈ ಸ್ಥಿತಿಗೆ ಬಹುಕಾಲ 'ಸೋತ ಬೆನ್ನಿನ ಆಪರೇಷನ್' ಎಂಬರ್ಥದ ಹೆಸರಿತ್ತು. ಕೇಳಿದರೆ ಡಾಕ್ಟರರಿಗೂ ಬೇಸರ, ರೋಗಿಗೂ ಬೇಸರ. 2021ರಲ್ಲಿ ತಜ್ಞರು ಆ ಹೆಸರನ್ನು ಕೈಬಿಟ್ಟು, 'ಬೆನ್ನುಮೂಳೆಯ ಉಳಿದುಹೋದ ನೋವು' ಎಂಬರ್ಥದ ಹೆಸರನ್ನು ಸೂಚಿಸಿದರು. ಹೆಸರು ಬದಲಾದರೆ ನೋವು ಹೋಗುವುದಿಲ್ಲ, ನಿಜ. ಆದರೆ ನಮ್ಮ ಬೆನ್ನು ಸೋತಿಲ್ಲ ಎಂದು ತಿಳಿದು ನಮಗೆ ಆ ದಿನ ಒಂದು ತುತ್ತು ಹೆಚ್ಚು ಸೇರಿತು.

ಚಿತ್ರದ ಸಂಗತಿಯನ್ನೂ ಹೇಳಬೇಕು. ಯಾವ ನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಬೆನ್ನಿನ ಚಿತ್ರಗಳ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. 20 ವರ್ಷದವರಲ್ಲಿ ನೂರಕ್ಕೆ 30 ಮಂದಿಗೆ, 80 ವರ್ಷದವರಲ್ಲಿ ನೂರಕ್ಕೆ 84 ಮಂದಿಗೆ ಡಿಸ್ಕು ಉಬ್ಬಿತ್ತು, ಅವರಿಗೆ ನೋವಿರಲಿಲ್ಲ. ಎಂದರೆ, ಚಿತ್ರ ಕೆಟ್ಟಿದ್ದರೂ ನೋವಿಲ್ಲದಿರಬಹುದು. ಚಿತ್ರ ಚೆನ್ನಾಗಿದ್ದರೂ ನೋವಿರಬಹುದು. ನೋವೆಂಬುದು ಮೂಳೆಯಲ್ಲಿ ಮಾತ್ರ ಇರುವ ವಸ್ತುವಲ್ಲ. ನರಗಳು, ಬೆನ್ನುಹುರಿ, ಮೆದುಳು ಮೂರೂ ಸೇರಿ ಅದನ್ನು ನಡೆಸುತ್ತವೆ. ಬಹುಕಾಲ ನೋವಿನ ಸುದ್ದಿಯನ್ನೇ ಸಾಗಿಸಿದ ನರ, ಕಛೇರಿಯ ಕೆಟ್ಟ ಕರೆಗಂಟೆಯಂತೆ, ಬೆರಳು ತೆಗೆದ ಮೇಲೂ ಬಾರಿಸುತ್ತಲೇ ಇರುತ್ತದೆ. ಆ ಗಂಟೆಯನ್ನು ಸೂಕ್ಷ್ಮಗೊಳಿಸುವ ಕಾರಣಗಳು ಹಲವು: ಆಪರೇಷನ್ನಿಗೆ ಮುಂಚೆ ಬಹಳ ಕಾಲ ಅನುಭವಿಸಿದ ನೋವು, ಚಿಂತೆ, ಖಿನ್ನತೆ, ಧೂಮಪಾನ, ನಿದ್ರೆಗೇಡು. ಈ ಪಟ್ಟಿಗೆ ಹೊಸದಾಗಿ ಅರ್ಜಿ ಹಾಕಿರುವವರೇ ನಮ್ಮ ಕರುಳಿನ ನಿವಾಸಿಗಳು.

ಇವರ ಸಂಖ್ಯೆ ಸಣ್ಣದಲ್ಲ. 2016ರಲ್ಲಿ ಮೂವರು ವಿಜ್ಞಾನಿಗಳು ಎಚ್ಚರಿಕೆಯಿಂದ ಲೆಕ್ಕ ಹಾಕಿ, ಒಬ್ಬ ಮನುಷ್ಯನ ದೇಹದಲ್ಲಿ ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿಯಾದರೆ, ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ ಎಂದು ಹೇಳಿದರು. ಬಹುಮಟ್ಟಿಗೆ ಎಲ್ಲರೂ ದೊಡ್ಡಕರುಳಿನ ವಾಸಿಗಳು. ಒಟ್ಟು ತೂಕ ಮಾತ್ರ ಕಾಲು ಕಿಲೋ ಕೂಡ ಇಲ್ಲ. ದಿಲ್ಲಿಯಲ್ಲಿ ಮನೆ ಸಿಗದೆ ಒಂದು ಕೋಣೆಯಲ್ಲಿ ಆರು ಜನ ಇದ್ದೆವೆಂದು ಹೇಳಿಕೊಳ್ಳುವವರು ಈ ಸಂಸಾರವನ್ನು ನೋಡಬೇಕು.

ಈ ಸಂಸಾರ ಸುಮ್ಮನೆ ಉಂಡು ಮಲಗುವುದಿಲ್ಲ. ನಾವು ಅರಗಿಸಲಾರದ ನಾರನ್ನು ಅದು ತಿಂದು, ಬ್ಯುಟಿರೇಟ್ ಮೊದಲಾದ ಕೆಲವು ಆಮ್ಲಗಳನ್ನು ಮಾಡುತ್ತದೆ. ಈ ಆಮ್ಲಗಳು ಕರುಳಿನ ಗೋಡೆಗೆ ಆಹಾರ. ದೇಹದ ಉರಿಯೂತವನ್ನು ಹದದಲ್ಲಿಡುವುದರಲ್ಲಿಯೂ ಅವುಗಳ ಕೈವಾಡವಿದೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಗಳ ಚೂರುಪಾರು ರಕ್ತಕ್ಕೆ ನುಸುಳಿ, ಕಾವಲಿನ ಜೀವಕೋಶಗಳನ್ನು ರೇಗಿಸುತ್ತದೆ. ಅವು ರೇಗಿದರೆ ನೋವಿನ ನರಗಳು ಚುರುಕಾಗುತ್ತವೆ. ದೇಹದಲ್ಲಿರುವ ಸೆರೊಟೋನಿನ್ ಎಂಬ ರಸವಸ್ತುವಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಹುಟ್ಟುವುದು ಕರುಳಿನಲ್ಲಿ. ಅದರ ತಯಾರಿಕೆಗೆ ಬ್ಯಾಕ್ಟೀರಿಯಗಳು ಕುಮ್ಮಕ್ಕು ಕೊಡುವುದನ್ನು 2015ರಲ್ಲಿ ಇಲಿಗಳಲ್ಲಿ ಕಂಡರು. ಇದಲ್ಲದೆ ಕರುಳಿನಿಂದ ಮೆದುಳಿಗೆ ವೇಗಸ್ ಎಂಬ ನರದ ನೇರ ತಂತಿಯಿದೆ. ಆಗ ನಮಗೆ ಅರ್ಥವಾಯಿತು: ಬೆನ್ನೂ ಹೊಟ್ಟೆಯೂ ಬೇರೆ ಬೇರೆ ಇಲಾಖೆಗಳಲ್ಲ, ಒಂದೇ ಸಚಿವಾಲಯದ ಎರಡು ಕೋಣೆಗಳು.

ಇನ್ನು ಪ್ರಯೋಗಗಳು. ಬ್ರೆಜಿಲ್ ದೇಶದ ವಿಜ್ಞಾನಿಗಳು ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳಿಗೆ ಉರಿಯೂತದ ನೋವು ಕಡಮೆಯಾಗುವುದನ್ನು ಕಂಡು 2008ರಲ್ಲಿ ಪ್ರಕಟಿಸಿದರು. ಅವಕ್ಕೆ ಸಾಮಾನ್ಯ ಇಲಿಗಳ ಬ್ಯಾಕ್ಟೀರಿಯಗಳನ್ನು ಕೊಟ್ಟರೆ ನೋವು ಮಾಮೂಲಿಗೆ ಬಂದಿತು. ಹಾಗಾದರೆ ಎಲ್ಲವನ್ನೂ ಕೊಂದುಬಿಟ್ಟರೆ ನೋವಿಲ್ಲವಲ್ಲ ಎಂದು ನಾವು ಡಾಕ್ಟರರನ್ನು ಕೇಳಿದೆವು. ಅವರು ಐರ್ಲೆಂಡಿನಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ತೋರಿಸಿದರು. 2017ರಲ್ಲಿ ಪ್ರಕಟವಾದ ಅದರಲ್ಲಿ ಅಂಥವೇ ಇಲಿಗಳಿಗೆ ಹೊಟ್ಟೆಯೊಳಗಿನ ನೋವು ಹೆಚ್ಚಾಗಿತ್ತು! ಸೂಕ್ಷ್ಮಜೀವಿಗಳು ಕೇವಲ ಮಿತ್ರರೂ ಅಲ್ಲ, ಕೇವಲ ಶತ್ರುಗಳೂ ಅಲ್ಲ. ನೆರೆಹೊರೆಯವರಂತೆ ಎರಡೂ ಹೌದು.

ಮನುಷ್ಯರ ವಿಷಯಕ್ಕೆ ಬಂದರೆ, 2019ರಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯ 77 ಮಂದಿ ಹೆಂಗಸರ ಮಲವನ್ನು ಕಾಯಿಲೆಯಿಲ್ಲದವರದರೊಡನೆ ಹೋಲಿಸಿದರು. ಬ್ಯಾಕ್ಟೀರಿಯಗಳ ಕೂಟವೇ ಬೇರೆಯಾಗಿತ್ತು. 2025ರಲ್ಲಿ ಇನ್ನೂ ಮುಂದೆ ಹೋದರು. ಆ ಕಾಯಿಲೆಯವರ ಕರುಳಿನ ಸೂಕ್ಷ್ಮಜೀವಿಗಳನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳಿಗೆ ನೋವು ಬಂದಿತು. ಆರೋಗ್ಯವಂತರ ಸೂಕ್ಷ್ಮಜೀವಿಗಳನ್ನು 14 ಮಂದಿ ರೋಗಿಗಳಿಗೆ ಕೊಟ್ಟಾಗ ಹೆಚ್ಚಿನವರಿಗೆ ನೋವು ತಗ್ಗಿತು. ಈ ಕೊನೆಯ ಮಾತನ್ನು ಕೇಳಿ ಕುಣಿಯಬೇಕಾಗಿಲ್ಲ. ಹದಿನಾಲ್ಕೇ ಜನ, ಹೋಲಿಸಿ ನೋಡಲು ಸುಳ್ಳು ಔಷಧಿ ಪಡೆದ ಗುಂಪೂ ಇರಲಿಲ್ಲ. ಈ ನೋವು ಬೆನ್ನಿನ ಆಪರೇಷನ್ನಿನದೂ ಅಲ್ಲ. ಆದರೆ ಚಿತ್ರದಲ್ಲಿ ಕಾಣದ, ಬಿಟ್ಟುಹೋಗದ ನೋವು ಎಂಬುದರಲ್ಲಿ ಎರಡೂ ಅಕ್ಕತಂಗಿಯರು.

ಈಗ ಆಪರೇಷನ್ ಮೇಜಿನ ಸುತ್ತ ಹೊಟ್ಟೆಗೆ ಏನಾಗುತ್ತದೆಂದು ವಾಚಕರೇ ಯೋಚಿಸಬೇಕು. ಹಿಂದಿನ ರಾತ್ರಿಯಿಂದ ಉಪವಾಸ. ಗಾಯ ಕೀವಾಗದಿರಲೆಂದು ಕತ್ತಿ ಮುಟ್ಟುವ ಮೊದಲು ಆಂಟಿಬಯಾಟಿಕ್ ಚುಚ್ಚುಮದ್ದು. ಆಮೇಲೆ ಅಫೀಮಿನ ಜಾತಿಯ ನೋವಿನ ಔಷಧಿ; ಅದು ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಹಾಸಿಗೆಯಲ್ಲಿ ವಾಸ, ನಿದ್ರೆಯಿಲ್ಲ, ಮನಸ್ಸಿಗೆ ಕಳವಳ, ಬ್ರೆಡ್ಡು ಬಿಸ್ಕತ್ತಿನ ಊಟ. ಇವು ಒಂದೊಂದೂ ಕರುಳಿನ ಸಂಸಾರವನ್ನು ಕದಲಿಸಬಲ್ಲವು. ನಮಗೆ ಎಲ್ಲವೂ ಒಂದೇ ವಾರದಲ್ಲಿ ಆದವು. ಒಂದೇ ಬಗೆಯ ಆಪರೇಷನ್ ಆದ ಇಬ್ಬರಲ್ಲಿ ಒಬ್ಬನ ನೋವು ಮೂರು ತಿಂಗಳಲ್ಲಿ ಹೋಗಿ ಇನ್ನೊಬ್ಬನದು ಉಳಿಯುವುದೇಕೆ ಎಂಬ ಪ್ರಶ್ನೆಗೆ, ಈ ಕದಲಿಕೆಯೂ ಒಂದು ಕಾರಣವಿರಬಹುದು ಎಂಬುದೇ ಈಗಿನ ವಿಚಾರ. 'ಇರಬಹುದು' ಎಂಬ ಪದವನ್ನು ವಾಚಕರು ಕೆಂಪು ಶಾಯಿಯಿಂದ ಗುರುತು ಹಾಕಿಕೊಳ್ಳಬೇಕು. ಒಂದೇ ಕಡತದಲ್ಲಿ ಎರಡು ಕಾಗದಗಳು ಅಕ್ಕಪಕ್ಕ ಇವೆಯೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಉತ್ತರವಾಗುವುದಿಲ್ಲ. ನೋವಿನಿಂದ ಮಲಗಿದವನ ಊಟ ಕೆಟ್ಟು, ಅದರಿಂದ ಕರುಳು ಕೆಟ್ಟಿರಲೂಬಹುದು. ಇನ್ನೊಂದು ಮಾತು: ಆಪರೇಷನ್ ಹೊತ್ತಿನ ಆ ಚುಚ್ಚುಮದ್ದನ್ನು ಯಾರೂ ಬೇಡವೆನ್ನಬಾರದು. ಬೆನ್ನುಮೂಳೆಯಲ್ಲಿ ಕೀವಾದರೆ ಅದರ ಮುಂದೆ ಹೊಟ್ಟೆಯುಬ್ಬರ ಏನೇನೂ ಅಲ್ಲ.

ಆದರೆ ಬೇಡದ ಆಂಟಿಬಯಾಟಿಕ್ ನುಂಗುವುದು ಬೇರೆ ಮಾತು. 2013ರಲ್ಲಿ ಡೆನ್ಮಾರ್ಕಿನ ವೈದ್ಯರು, ಬೆನ್ನಿನ ಮೂಳೆಯಲ್ಲಿ ಒಂದು ಬಗೆಯ ಬದಲಾವಣೆ ಕಂಡ 162 ಜನ ಬೆನ್ನುನೋವಿನವರ ಮೇಲೆ ನೂರು ದಿನಗಳ ಆಂಟಿಬಯಾಟಿಕ್ ಚಿಕಿತ್ಸೆಯನ್ನು ಪರೀಕ್ಷಿಸಿ, ಬಹಳ ಗುಣ ಕಂಡಿತೆಂದು ಪ್ರಕಟಿಸಿದರು. ಪತ್ರಿಕೆಗಳು ಕುಣಿದಾಡಿದುವು. 2019ರಲ್ಲಿ ನಾರ್ವೆಯವರು 180 ಜನರಲ್ಲಿ ಮೂರು ತಿಂಗಳು ಹಾಗೆಯೇ ಪರೀಕ್ಷಿಸಿದರು. ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮೊದಲನೆಯ ಸುದ್ದಿಯನ್ನು ಓದಿ ಅಂಗಡಿಯಿಂದ ಮಾತ್ರೆ ತಂದು ನುಂಗಿದವರ ಕರುಳಿನ ಗತಿಯೇನು? ಮೊದಲ ಸುದ್ದಿಗೆ ಓಡಬಾರದು ಎಂಬ ಪಾಠವನ್ನು ನಾವು ಇದರಿಂದ ಕಲಿತೆವು. ಮೇಲೆ ಬರೆದ ಇಲಿಗಳ ಸುದ್ದಿಗೂ ಆ ಪಾಠ ಅನ್ವಯಿಸುತ್ತದೆ.

ಪಾಠ ಕಲಿತ ವಾರವೇ ಪರೀಕ್ಷೆ ಬಂದಿತು. ನೋಯ್ಡಾದಿಂದ ಬಂದ ಪರಿಚಯಸ್ಥರೊಬ್ಬರು, ಒಳ್ಳೆಯ ಬ್ಯಾಕ್ಟೀರಿಯಗಳು ತುಂಬಿದ ಗುಳಿಗೆಯೆಂದು ಒಂದು ಡಬ್ಬಿ ಮುಂದಿಟ್ಟು, "ರಾಯರೇ, ಮೂರು ತಿಂಗಳು ತಗೊಳ್ಳಿ, ಬೆನ್ನುನೋವು ಮಂಗಮಾಯ," ಎಂದರು. ಬೆಲೆ ಕೇಳಿದಾಗ ನಮ್ಮ ಬೆನ್ನಿಗೆ ಹೊಸದೊಂದು ನೋವು ಬಂದಂತಾಯಿತು. ಅವ್ವ ಡಬ್ಬಿಯನ್ನು ತಿರುಗಿಸಿ ನೋಡಿ, "ಇದರಾಗಿರೋದೇ ಮಜ್ಜಿಗೇಲೂ ಐತೇನಪ್ಪಾ?" ಎಂದು ಕೇಳಿದಳು. ಬಂದವರು ಗಂಟಲು ಸರಿಮಾಡಿಕೊಂಡರು. ಯಾವ ಗುಳಿಗೆಯ ಬ್ಯಾಕ್ಟೀರಿಯವೂ ಆಪರೇಷನ್ನಿನ ನಂತರದ ಬೆನ್ನುನೋವನ್ನು ಕಳೆಯುತ್ತದೆಂದು ಸಿದ್ಧವಾಗಿಲ್ಲ. ಡಬ್ಬಿ ನೋಯ್ಡಾಕ್ಕೆ ಹಿಂತಿರುಗಿತು.

ಮಜ್ಜಿಗೆಯನ್ನೂ ನಾವು ಸುಮ್ಮನೆ ಹೊಗಳುವುದಿಲ್ಲ. ಮೊಸರಿಗೆ ಮೊದಲು ದೊಡ್ಡ ಪ್ರಚಾರ ಕೊಟ್ಟವನು ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿದ್ದ ಮೆಚ್ನಿಕೋಫ್ ಎಂಬ ವಿಜ್ಞಾನಿ. ದೇಹದ ರೋಗನಿರೋಧದ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಬಹುಮಾನ ಪಡೆದವನು. ಹುಳಿಹಾಲು ಕುಡಿದರೆ ಕರುಳಿನ ವಿಷ ಕಡಮೆಯಾಗಿ ಆಯುಸ್ಸು ಬೆಳೆಯುತ್ತದೆಂದು ಅವನ ವಾದ. ತಾನೂ ಕುಡಿದು, 1916ರಲ್ಲಿ 71ನೆಯ ವಯಸ್ಸಿನಲ್ಲಿ ತೀರಿಕೊಂಡ. ನಮ್ಮೂರಿನಲ್ಲಿ ಮಜ್ಜಿಗೆ ಕುಡಿದು 90 ದಾಟಿದವರಿದ್ದಾರೆ, 50ಕ್ಕೆ ಹೋದವರೂ ಇದ್ದಾರೆ. ಮೊಸರಿನ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ನಮ್ಮ ಕರುಳಿನಲ್ಲಿ ಮನೆ ಮಾಡುವುದಿಲ್ಲ. ಬಂದ ನೆಂಟರಂತೆ ನಾಲ್ಕು ದಿನ ಇದ್ದು ಹೊರಡುತ್ತವೆ. ದೋಸೆ ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಗಳಂತೂ ಕಾವಲಿಯ ಮೇಲೆ, ಹಬೆಯೊಳಗೆ ಸತ್ತೇ ಹೋಗುತ್ತವೆ. ಒಳಗೆ ನೆಲೆಸಿರುವ ಸಂಸಾರ ಸುಖವಾಗಿರಬೇಕಾದರೆ ಅದಕ್ಕೆ ನಿತ್ಯ ಊಟ ಹಾಕಬೇಕು. ಅದರ ಊಟವೆಂದರೆ ನಾರು: ಸೊಪ್ಪು, ಕಾಳು, ತರಕಾರಿ, ಹೊಟ್ಟು ತೆಗೆಯದ ಧಾನ್ಯ.

ಇಲ್ಲಿ ನಮ್ಮಂಥ ಊರು ಬಿಟ್ಟವರಿಗೆ ಒಂದು ವಿಶೇಷ ಪಾಠವಿದೆ. ಥಾಯ್ಲೆಂಡಿನಿಂದ ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಹೋಗಿ ನೆಲೆಸಿದ ಮೊಂಗ್ ಮತ್ತು ಕರೆನ್ ಜನರನ್ನು ಪರೀಕ್ಷಿಸಿ 2018ರಲ್ಲಿ ಒಂದು ವರದಿ ಪ್ರಕಟವಾಯಿತು. ಹೋದ ಕೆಲವೇ ತಿಂಗಳುಗಳಲ್ಲಿ ಅವರ ಕರುಳಿನ ಹಳೆಯ ಬ್ಯಾಕ್ಟೀರಿಯಗಳು ಕಳೆದುಹೋಗತೊಡಗಿ, ಅಲ್ಲಿನವು ಸೇರಿಕೊಂಡವು. ನಾರನ್ನು ಕರಗಿಸುವ ಶಕ್ತಿ ಕುಗ್ಗಿತು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ನಷ್ಟ ಇನ್ನೂ ಹೆಚ್ಚು. ಭಾಷೆಯಂತೆಯೇ! ನಮ್ಮ ಭಾರತೀಯರ ಕರುಳನ್ನು ಭೋಪಾಲದ ಐಸರ್ ಸಂಸ್ಥೆಯವರು ನೋಡಿದ್ದಾರೆ. ಭೋಪಾಲ ಮತ್ತು ಕೇರಳದ 110 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಪ್ರಕಾರ, ಸಸ್ಯಾಹಾರವೇ ಮುಖ್ಯವಾದ ಭೋಪಾಲದವರಲ್ಲಿ ಪ್ರೆವೊಟೆಲ್ಲ ಎಂಬ, ಧಾನ್ಯದ ನಾರನ್ನು ಬಲ್ಲ ಬ್ಯಾಕ್ಟೀರಿಯದ ಕುಲ ಹೇರಳವಾಗಿತ್ತು; ಮೀನು ಮಾಂಸವನ್ನೂ ಉಣ್ಣುವ ಕೇರಳದವರಲ್ಲಿ ಕೂಟ ಬೇರೆಯಾಗಿತ್ತು. ಒಂದೇ ದೇಶದಲ್ಲಿ ಊಟ ಬದಲಾದರೆ ಒಳಗಿನ ಪ್ರಜೆಗಳೂ ಬದಲಾಗುತ್ತಾರೆ. ನಮ್ಮ ಮಕ್ಕಳು ಸಂಜೆ ನೂಡಲ್ಸ್ ಬೇಡುವಾಗ ನಮಗೀಗ ಮೊಂಗ್ ಜನರ ನೆನಪಾಗುತ್ತದೆ.

"ಅದಕ್ಕೇ ಹೇಳಿದ್ದು, ಮುದ್ದೆ ಬಿಟ್ಟು ಕೆಟ್ಟಿರಿ," ಎಂದು ಅವ್ವ ಗೆದ್ದ ಮುಖ ಮಾಡಿದಳು. ಮನೆಯಾಕೆ ಸುಮ್ಮನಿರುವವಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಹೊರತಂದ ಆಹಾರದ ಪಟ್ಟಿಯನ್ನು ತೆಗೆದು ತೋರಿಸಿದಳು. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ನೂರು ಗ್ರಾಂ ಗೋಧಿ ಆಟಾದಲ್ಲಿಯೂ ಸುಮಾರು 11 ಗ್ರಾಂ! ಪಾಲಿಷ್ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ 3 ಗ್ರಾಮಿಗೂ ಕಡಮೆ. "ನೋಡಿ ಅತ್ತೆ, ಇಲ್ಲಿಯವರ ರೊಟ್ಟಿ ನಮ್ಮ ಮುದ್ದೆಗೆ ಸಮ. ತಪ್ಪು ದಿಲ್ಲೀದಲ್ಲ, ನಿಮ್ಮ ಮಗ ಎರಡು ಹೊತ್ತೂ ಬಿಳೀ ಅನ್ನ ಬೇಕು ಅನ್ನೋದು," ಎಂದಳು. ರಾಗಿಯಲ್ಲಿ ಸುಣ್ಣದ ಅಂಶ ಆಟಾಕ್ಕಿಂತ ಹತ್ತು ಪಟ್ಟು ಹೆಚ್ಚೆಂದು ನಾವು ಅವ್ವನ ಪರ ಒಂದು ಮಾತು ಸೇರಿಸಿದೆವು. ಒಟ್ಟಿನಲ್ಲಿ ಅತ್ತೆ ಸೊಸೆ ರಾಜಿಯಾಗಿ, ಅಪರಾಧಿ ನಾವೇ ಎಂದು ತೀರ್ಮಾನವಾಯಿತು.

ಅಂದಿನಿಂದ ಬೆಳಿಗ್ಗೆ ರೊಟ್ಟಿ, ರಾತ್ರಿ ಮುದ್ದೆ, ಹುರುಳಿ ಅಥವಾ ಸೊಪ್ಪಿನ ಸಾರು, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ. ಒಮ್ಮೆಲೇ ನಾರು ಹೆಚ್ಚಿಸಿದ್ದರಿಂದ ಮೊದಲ ವಾರ ಹೊಟ್ಟೆ ಡೊಳ್ಳಿನಂತಾಯಿತು. ನಿಧಾನವಾಗಿ ಹೆಚ್ಚಿಸಬೇಕೆಂದು ಡಾಕ್ಟರರು ಬೈದರು. ಅವರ ಸಲಹೆಯಂತೆ ದಿನಕ್ಕೆ ನಲವತ್ತು ನಿಮಿಷ ನಡಿಗೆ, ವ್ಯಾಯಾಮ ಹೇಳಿಕೊಡುವವರ ಬಳಿ ವಾರಕ್ಕೆರಡು ಬಾರಿ, ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳುವುದು, ರಾತ್ರಿ ಹತ್ತಕ್ಕೆ ದೀಪ ಆರಿಸುವುದು. ನೋವಿನ ಮಾತ್ರೆಗಳನ್ನು ನಾವಾಗಿ ನಿಲ್ಲಿಸಲಿಲ್ಲ. ಅವರು ಹೇಳಿದಂತೆ ಮೆಲ್ಲಗೆ ಇಳಿಸಿದೆವು.

ಎರಡನೆಯ ಆಪರೇಷನ್ನಿನ ಪ್ರಶ್ನೆ ಉಳಿದಿತ್ತು. ಮೊದಲು ಆಪರೇಷನ್ ಮಾಡಿದ ಡಾಕ್ಟರರ ಬಳಿಗೇ ಹೋಗಿ, ಈ ಸಲ ಹೊಟ್ಟೆಯ ಸುದ್ದಿಯನ್ನೂ ನಿದ್ರೆಯ ಸುದ್ದಿಯನ್ನೂ ಮುಚ್ಚಿಡದೆ ಹೇಳಿದೆವು. ಅವರು ಕಾಲಿನ ಬಲವನ್ನು ಪರೀಕ್ಷಿಸಿ, ಚಿತ್ರಗಳನ್ನು ನೋಡಿ, "ಯಾವ ನರವೂ ಒತ್ತಿಹೋಗಿಲ್ಲ, ಮಣಿ ಜಾರಿಲ್ಲ. ಸ್ಕ್ರೂ ಹಾಕುವುದಕ್ಕೆ ಈಗ ಕಾರಣವಿಲ್ಲ, ಆರು ತಿಂಗಳು ಹೀಗೆಯೇ ನಡೆಸಿ," ಎಂದರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು. ಅದನ್ನು ಬೆನ್ನುನೋವಿರುವ ವಾಚಕರೆಲ್ಲ ಬರೆದಿಟ್ಟುಕೊಳ್ಳಬೇಕು: ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ, ಕಾಲು ಬೇಗ ಬೇಗ ಬಲಗುಂದಿದರೆ, ಜ್ವರದೊಡನೆ ಬೆನ್ನು ನೋಯುತ್ತಿದ್ದರೆ, ಮುದ್ದೆಯನ್ನೂ ಮಜ್ಜಿಗೆಯನ್ನೂ ನಂಬಿ ಕೂರದೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಈಗ ಹೇಗಿದೆಯೆಂದು ಕೇಳುವಿರಿ. ಹೊಟ್ಟೆ ನೆಟ್ಟಗಾಗಿದೆ. ಬೆನ್ನಿನ ನೋವು ಹತ್ತರಲ್ಲಿ ಏಳಿದ್ದುದು ಮೂರು ನಾಲ್ಕಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ಇಳಿಸಿದವರು ಯಾರು? ಅವ್ವ ಮುದ್ದೆಯೆನ್ನುತ್ತಾಳೆ. ವ್ಯಾಯಾಮದವರು ವ್ಯಾಯಾಮವೆನ್ನುತ್ತಾರೆ. ಕಾಲವೇ ಇಳಿಸಿರಬಹುದೆಂದು ಡಾಕ್ಟರರು. ನಮ್ಮ ಕರುಳಿನೊಳಗಿನ 38 ಲಕ್ಷ ಕೋಟಿ ಪ್ರಜೆಗಳ ಪೈಕಿ ಯಾರೂ ಸಾಕ್ಷಿ ಹೇಳಲು ಬಂದಿಲ್ಲ. ಒಬ್ಬನೇ ರೋಗಿಯ ಒಂದೇ ಬೆನ್ನಿನಿಂದ ಯಾವ ಸಿದ್ಧಾಂತವೂ ಆಗುವುದಿಲ್ಲ. ಆದರೆ ನೋವು ಬರಿಯ ಮೂಳೆಯ ಮಾತಲ್ಲ, ಚಿತ್ರದಲ್ಲಿ ಕಾಣದಿದ್ದರೂ ಅದು ನಿಜ, ಊಟ ನಿದ್ರೆ ನಡಿಗೆ ಮನಸ್ಸು ಎಲ್ಲಕ್ಕೂ ಅದರಲ್ಲಿ ಪಾಲುಂಟು ಎಂದು ತಿಳಿದ ದಿನದಿಂದ ನಮಗೆ ಅದರ ಭಯ ಅರ್ಧವಾಗಿದೆ. ಮನೆಯಲ್ಲಿ ಯಾರಾದರೂ ಆಪರೇಷನ್ ಆದ ಮೇಲೂ ನೋವೆಂದರೆ, ಚಿತ್ರ ಕೇಳುವುದಕ್ಕೆ ಮೊದಲು ಅವರ ಮಾತನ್ನು ನಂಬಿ. ನಂಬುವುದಕ್ಕೆ ಖರ್ಚಿಲ್ಲ.

ಅವ್ವ ಹೋಳಿಯ ಹೊತ್ತಿಗೆ ಊರಿಗೆ ಹೊರಟಳು. ಹೊರಡುವ ಮುನ್ನ ಹೆಪ್ಪಿನ ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟು, "ಇದ ಬತ್ತಿಸಬೇಡ ಕಣವ್ವ," ಎಂದಳು. ಶಾಲು ನಮಗೆ ವಾಪಸು ಬಂದಿತು. ಮಜ್ಜಿಗೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಅದನ್ನೇ ಹೊದ್ದು, ಎತ್ತರದ ಮೇಜಿನ ಮುಂದೆ ನಿಂತುಕೊಂಡೇ ಈ ಅಂಕಣವನ್ನು ಬರೆದು ಮುಗಿಸಿದ್ದೇವೆ. ಮುಂದಿನ ಕಾರ್ಯಕ್ರಮದಲ್ಲಿ ನಾವು ಹಿಂದೆ ಗೋಡೆಗೆ ಒರಗಿ ನಿಂತಿದ್ದರೆ, ಕುರ್ಚಿ ಸಿಗಲಿಲ್ಲವೆಂದು ಮುನಿಸಿಕೊಂಡಿದ್ದಾರೆ ಎಂದು ಕಾರ್ಯದರ್ಶಿಗಳು ದಯವಿಟ್ಟು ತಿಳಿಯಬಾರದು.